ಗ್ರಿನಿಚ್ಚಿನ ನಾವಿಕಾಶ್ರಯ

ನಮ್ಮ ಪೂರ್ವಿಕರು ಧರ್ಮಕಾರ್ಯಗಳನ್ನು ಇಷ್ಟವೆಂದೂ ಪೂರ್ತವೆಂದೂ ವಿಭಾಗಿಸಿರುವರಷ್ಟೆ. ಯಜ್ಞಾದಿಗಳು ಇಷ್ಟ, ಕೆರೆ, ಬಾವಿ, ಅನ್ನಸತ್ರ ಮೊದಲಾದುವು ಪೂರ್ತ. ಆದರೆ ಕಟ್ಟಡವೆದ್ದ ಮಾತ್ರಕ್ಕೆ ಪೂರ್ತಧರ್ಮವು ಪೂರೈಸಿತೆ? ಇಂಗ್ಲೆಂಡಿನ ಗ್ರಿನಿಚ್ ನಾವಿಕಾಶ್ರಯದ ಚರಿತ್ರೆಯನ್ನು ಓದಿದಾಗ ಈ ಪ್ರಶ್ನೆಯು ಸಹಜವಾಗಿಯೇ ಹುಟ್ಟುವುದು.

1692ರಲ್ಲಿ ಫ್ರೆಂಚರೊಡನೆ ಲಾ ಹೋಗ್ ಎಂಬಲ್ಲಿ ನೌಕಾಯುದ್ಧವಾಯಿತು. ಗಾಯಗೊಂಡು ಮರಳಿದ ನಾವಿಕರ ದುರವಸ್ಥೆಗೆ ಮರುಗಿದ ಮೇರಿ ರಾಣಿಯು, ಥೇಮ್ಸ್ ನದೀತೀರದ ಅರಮನೆಯ ನಿವೇಶನವನ್ನು ವೃದ್ಧರೂ ಅಂಗಹೀನರೂ ಆದ ನಾವಿಕರಿಗಾಗಿ ಮೀಸಲಿರಿಸಿದಳು. 1694ರ ಅಕ್ಟೋಬರಿನಲ್ಲಿ ರಾಜಶಾಸನವಾಯಿತು. ಡಿಸೆಂಬರಿನಲ್ಲಿ ರಾಣಿಯು ಸಿಡುಬಿಗೆ ತುತ್ತಾದಳು. ಪತಿಯಾದ ವಿಲಿಯಂ ಅರಸನು ಕಾರ್ಯವನ್ನು ಕೈಬಿಡಲಿಲ್ಲ. ಪ್ರಖ್ಯಾತ ವಾಸ್ತುಶಿಲ್ಪಿ ಕ್ರಿಸ್ಟೋಫರ್ ರೆನ್ನನ ಯೋಜನೆಯಂತೆ 1696ರಲ್ಲಿ ಕಟ್ಟಡವು ಆರಂಭವಾಯಿತು. ಇದರ ವೆಚ್ಚಕ್ಕೆ ರಾಜದಾನವೊಂದೇ ಆಧಾರವಲ್ಲ. ಅದೇ ವರ್ಷದ ಕಾಯಿದೆಯಂತೆ ಪ್ರತಿಯೊಬ್ಬ ನಾವಿಕನ ಸಂಬಳದಿಂದಲೂ ತಿಂಗಳಿಗೆ 6 ಪೆನ್ಸ್ ಮುರಿದುಕೊಳ್ಳುತ್ತಿದ್ದರು. ವರ್ತಕರ ಹಡಗಿನವರನ್ನೂ ಬಿಡಲಿಲ್ಲ.

1705ರಲ್ಲಿ 42 ಮಂದಿ ಮೊದಲು ಪ್ರವೇಶಿಸಿದರು. 1814ರ ವೇಳೆಗೆ ಅವರ ಸಂಖ್ಯೆಯು ಸುಮಾರು 2,700ಕ್ಕೆ ಏರಿತು. ಇವರ ಭೋಜನಶಾಲೆಯನ್ನು ಜೇಮ್ಸ್ ಥಾರ್ನ್‌ಹಿಲ್ ಎಂಬ ಚಿತ್ರಕಾರನು 19 ವರ್ಷ ಶ್ರಮಿಸಿ ಅಲಂಕರಿಸಿದನು. ಆದರೆ ಅದು ಮುಗಿಯುವಷ್ಟರಲ್ಲಿ ನಾವಿಕರ ಊಟಕ್ಕೆ ಅತಿ ಭವ್ಯವೆನಿಸಿತು! ಪ್ರೇಕ್ಷಕರು ಹಣ ತೆತ್ತು ಮೇಲಿನ ಚಿತ್ರಗಳನ್ನು ನೋಡುತ್ತಿರಲು, ಯಾರ ಹೆಸರಿನಲ್ಲಿ ಮನೆಯು ಎದ್ದಿತೋ ಅವರು ನೆಲಮಾಳಿಗೆಯಲ್ಲಿ ಉಣ್ಣುತ್ತಿದ್ದರು.

ಆಶ್ರಯದ ಉಪಾಧಿಪತಿಯಾಗಿದ್ದ ಕ್ಯಾಪ್ಟನ್ ಥಾಮಸ್ ಬೇಲಿಯು 1778ರಲ್ಲಿ ಗ್ರಂಥವೊಂದನ್ನು ಅಚ್ಚುಹಾಕಿಸಿ, ಸಮುದ್ರವನ್ನೇ ಕಾಣದವರು ಅಲ್ಲಿಯ ಹುದ್ದೆಗಳನ್ನು ಅನುಭವಿಸುತ್ತಿರುವರೆಂದೂ ನಾವಿಕರಿಗೆ ಹೀನಾಹಾರವು ದೊರೆಯುತ್ತಿರುವುದೆಂದೂ ಆಪಾದಿಸಿದನು. ಅವನ ಮೇಲೆ ಮಾನನಷ್ಟದ ಮೊಕದ್ದಮೆಯಾಯಿತು. ತರುಣ ವಕೀಲ ಥಾಮಸ್ ಎರ್‌ಸ್ಕಿನ್ನನ ವಾದದಿಂದ ಬೇಲಿಯು ಗೆದ್ದನಾದರೂ ಕಳೆದುಕೊಂಡ ಪದವಿಯು ಮರಳಲಿಲ್ಲ.

1865ರ ಕಾಯಿದೆಯು, ಅಲ್ಲಿಯೇ ಇರುವುದೋ ಹಣರೂಪದ ವೇತನವನ್ನು ಪಡೆದು ಹೊರಗೆ ಬಾಳುವುದೋ ಎಂಬ ಆಯ್ಕೆಯನ್ನು ನಿವಾಸಿಗಳಿಗೇ ಬಿಟ್ಟಿತು. ಬಹುಮಂದಿ ಆ ಸೌಧವನ್ನು ತೊರೆದು ಬಂಧುಗಳಿದ್ದೆಡೆಗೆ ಹೊರಟುಹೋದರು. 1869ರಲ್ಲಿ ಆಶ್ರಯವು ಮುಚ್ಚಿತು. ಧರ್ಮನಿಧಿಯು ಮಾತ್ರ ಅಳಿಯಲಿಲ್ಲ; ನಾವಿಕರಿಗೂ ಅವರ ಕುಟುಂಬಗಳಿಗೂ ಇಂದಿಗೂ ನೆರವಾಗುತ್ತಿದೆ.

ರಾಣಿಯ ಕರುಣೆಯು ಸತ್ಯವಾದುದೇ. ರೆನ್ನನ ಕಲೆಯೂ ಶ್ಲಾಘ್ಯವಾದುದೇ. ಆದರೆ ನಿನಗೇನು ಬೇಕೆಂದು ಆ ಮುದುಕ ನಾವಿಕನನ್ನು ಕೇಳುವುದಕ್ಕೆ ನೂರ ಅರವತ್ತು ವರ್ಷಗಳು ಹಿಡಿದುವು. ದಾನಮಾಡುವವರು ಈ ಒಂದು ಸಂಗತಿಯನ್ನು ಮರೆಯಬಾರದು.