ಮೂರ್
ಮುಸ್ಲಿಮರನ್ನು ಸೂಚಿಸುತ್ತಿದ್ದ ಹಳೆಯ ಇಂಗ್ಲಿಷ್ ಪದ. ವಾಯವ್ಯ ಆಫ್ರಿಕದ ನಿವಾಸಿಗಳನ್ನು ಹೇಳುವ ಲ್ಯಾಟಿನ್ನಿನ ‘ಮೌರಸ್’ ಇದರ ಮೂಲ. 16ನೆಯ ಶತಮಾನದಲ್ಲಿ ಪೋರ್ಚುಗೀಸರು ಇದರ ‘ಮೌರೊ’ ರೂಪವನ್ನು ಭಾರತದ ಪಶ್ಚಿಮ ಕರಾವಳಿಯ ಮುಸ್ಲಿಮರಿಗೂ ಅನ್ವಯಿಸಿದರು. ಅಕ್ಕಿ, ಸಕ್ಕರೆ, ಕುದುರೆಗಳ ವಹಿವಾಟಿಗೆ ಹೆಸರಾಗಿದ್ದ ಭಟ್ಕಳದ ಮುಸ್ಲಿಂ ವರ್ತಕರನ್ನು ಪೋರ್ಚುಗೀಸ್ ಬರಹಗಾರ ದುಆರ್ತೆ ಬಾರ್ಬೊಸಾ ಹೀಗೆಯೇ ಕರೆದಿದ್ದಾನೆ. ಆದರೆ ಈ ಕರಾವಳಿಯ ಮುಸ್ಲಿಮರ ಗುರುತೇ ಬೇರೆ. ಹೊನ್ನಾವರದ ಮುಸ್ಲಿಮರು ಇಸ್ಲಾಮಿ ಕಾನೂನಿನ ಶಾಫಿ ಪಂಥದವರೆಂದು 14ನೆಯ ಶತಮಾನದಲ್ಲೇ ಪ್ರವಾಸಿ ಇಬ್ನ್ ಬತೂತ ದಾಖಲಿಸಿದ್ದ. ಭಟ್ಕಳ, ಹೊನ್ನಾವರ, ಕುಮಟಾ ಭಾಗದ ನವಾಯತ ಮುಸ್ಲಿಮರು ಇಂದಿಗೂ ಅದೇ ಪಂಥದವರು. ಅವರ ಮನೆಮಾತು ಕೊಂಕಣಿ ಮೂಲದ ನವಾಯತಿ. 18ನೆಯ ಶತಮಾನದ ಇಂಗ್ಲಿಷರು ಹಿಂದೂಸ್ತಾನಿ ಭಾಷೆಯನ್ನೂ ‘ಮೂರ್ಸ್’ ಎನ್ನುತ್ತಿದ್ದರು. ಮುಂದೆ ಮುಸ್ಲಿಮರಿಗೆ ‘ಮೂರ್’ ಬದಲು ‘ಮೊಹಮ್ಮಡನ್’ ಬಳಕೆ ಹೆಚ್ಚಿತು. ಪ್ರವಾದಿಯ ಆರಾಧಕರೆಂಬ ತಪ್ಪು ಅರ್ಥ ಕೊಡುವ ಆ ಪದವನ್ನು ಮುಸ್ಲಿಮರು ಒಪ್ಪುವುದಿಲ್ಲ. ಭಾರತದಲ್ಲಿ ಮರೆಯಾದ ‘ಮೂರ್’ ಶ್ರೀಲಂಕಾದಲ್ಲಿ ಸಮುದಾಯವೊಂದರ ಅಧಿಕೃತ ಹೆಸರಾಗಿ ಉಳಿದಿದೆ.