ಅಂಧೇರಿಯ ಕಲ್ಲುಕಂಬಗಳು

ಅಂಧೇರಿಯ ಪಶ್ಚಿಮಕ್ಕೆ ಕಟ್ಟಡಗಳ ನಡುವೆ ಥಟ್ಟನೆ ತಲೆಯೆತ್ತುವ ಗಿಲ್ಬರ್ಟ್ ಹಿಲ್ಲನ್ನು ನಮ್ಮಲ್ಲನೇಕರು ನೋಡಿದ್ದೇವೆ. ಕಲ್ಲಿನ ಮೆಟ್ಟಿಲು ಹತ್ತಿ ಗಾಂವದೇವಿಗೆ ಕೈಮುಗಿದು ಬಂದವರೂ ಇದ್ದೇವೆ. ಆದರೆ ಸುಮಾರು 200 ಅಡಿ ಎತ್ತರದ ಆ ಗುಡ್ಡದ ಮೈಯನ್ನು ನಿಂತು ನೋಡಿದವರೆಷ್ಟು ಮಂದಿ? ಕರಿಗಲ್ಲಿನ ಕಂಬಗಳನ್ನು ಒತ್ತೊತ್ತಾಗಿ ನಿಲ್ಲಿಸಿದಂತಿದೆ ಅದು. ಇದು ಯಾವ ಶಿಲ್ಪಿಯ ಕೆಲಸವೂ ಅಲ್ಲ. ಕಾದ ಶಿಲಾರಸ ಆರುತ್ತಾ ಕುಗ್ಗಿ, ಬೇಸಿಗೆಯಲ್ಲಿ ಕೆರೆಯ ಕೆಸರು ಬಿರಿಯುವಂತೆ ಬಿರಿದು, ಬಿರುಕುಗಳು ಒಳಕ್ಕಿಳಿದಂತೆಲ್ಲ ಮೂಡಿದ ಕಂಬಗಳಿವು.

ದಖ್ಖಣದ ಈ ಅಗ್ನಿಶಿಲೆಯ ಕತೆ ಮುಖ್ಯವಾಗಿ ಸುಮಾರು 6.6 ಕೋಟಿ ವರ್ಷಗಳ ಹಿಂದಿನದು. ಭೂಮಿಯ ಆಳದಲ್ಲಿ ಶಾಖವೆಷ್ಟಿದ್ದರೂ ಮೇಲಿನ ಭಾರದಿಂದಾಗಿ ಕಲ್ಲು ಸುಲಭವಾಗಿ ಕರಗದು. ಬಿಸಿಶಿಲೆ ಮೇಲೇರಿ ಒತ್ತಡ ಇಳಿದಾಗಲೇ ಅದು ಕರಗತೊಡಗುವುದು. ಜ್ವಾಲಾಮುಖಿಯೆಂದರೆ ನಮ್ಮ ಕಣ್ಣಮುಂದೆ ಬರುವುದು ಜಪಾನಿನ ಫ್ಯೂಜಿಯಂಥ ಶಂಕುವಿನಾಕಾರದ ಬೆಟ್ಟ. ಇಲ್ಲಿ ಬಹುಪಾಲು ಹಾಗಾಗಲಿಲ್ಲ. ನೆಲ ಉದ್ದುದ್ದಕ್ಕೆ ಬಿರಿದು, ತೆಳುವಾದ ರಸ ಕಾವಲಿಯ ಮೇಲಿನ ದೋಸೆಹಿಟ್ಟಿನಂತೆ ಹರಡಿತು. ಒಂದು ಆರಿದ ಮೇಲೆ ಇನ್ನೊಂದು. ರಸ ಮಂದವಾಗಿ ಅಂಟಂಟಾಗಿದ್ದರೆ ಅನಿಲ ಒಳಗೇ ಸಿಕ್ಕಿಕೊಂಡು ಸ್ಫೋಟಿಸುತ್ತದೆ. 1883ರಲ್ಲಿ ಕ್ರಕಟೋವಾದಲ್ಲಿ ನಡೆದದ್ದು ಆ ಬಗೆಯದು.

ಪುಣೆಯ ಮೇಲಿಂದ ಊರಿಗೆ ಹೊರಟಾಗ ಖಂಡಾಳಾ ಘಾಟಿಯಲ್ಲಿ ರೈಲಿನ ಕಿಟಕಿಯಿಂದ ನೋಡಿದರೆ ಆ ಪದರಗಳು ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತವೆ. 'ಡೆಕ್ಕನ್ ಟ್ರ್ಯಾಪ್' ಎಂಬ ಹೆಸರಿನಲ್ಲಿರುವ 'ಟ್ರ್ಯಾಪ್' ಕೂಡ, ಮೆಟ್ಟಿಲು ಎಂಬರ್ಥದ ಸ್ವೀಡಿಷ್ ಮಾತಿನಿಂದ ಬಂದದ್ದೇ. ಬೋನಿಗೂ ಇದಕ್ಕೂ ಸಂಬಂಧವಿಲ್ಲ. ಇಂದಿಗೂ ಸುಮಾರು 5 ಲಕ್ಷ ಚದರ ಕಿಲೋಮೀಟರು ನೆಲವನ್ನು ಈ ಬಸಾಲ್ಟ್ ಹೊದ್ದುಕೊಂಡಿದೆ. ವಿಜಾಪುರ, ಕಲಬುರ್ಗಿಗಳ ಎರೆಮಣ್ಣು ಇದೇ ಕಲ್ಲು ಸವೆದು ಆದದ್ದು. ಜೋಳ ಬೆಳೆದು ನಮ್ಮ ಹಿರಿಯರನ್ನು ಸಾಕಿದ್ದು ಅದೇ. ಗೋಳಗುಮ್ಮಟಕ್ಕೂ ಇದೇ ಕಲ್ಲು.

ಕರಾವಳಿಯವರು, ನಮಗೇನೂ ಇಲ್ಲವೇ ಎಂದು ಕೇಳಬೇಕಾಗಿಲ್ಲ. ಮಲ್ಪೆಯ ಎದುರಿನ ಸೇಂಟ್ ಮೇರಿಸ್ ದ್ವೀಪಗಳಲ್ಲೂ ಇಂಥವೇ ಕಂಬಗಳಿವೆ. ಆದರೆ ಅವು ಬೇರೆ ಜಾತಿಯ ಶಿಲೆ, ವಯಸ್ಸಿನಲ್ಲೂ ಹಿರಿಯವು. ಸುಮಾರು 8.8 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ನಮ್ಮಿಂದ ಬೇರ್ಪಟ್ಟ ಕಾಲದವು. ಗಿಲ್ಬರ್ಟ್ ಹಿಲ್ಲಾದರೋ ದಖ್ಖಣದ ಅಗ್ನಿಕಾರ್ಯದ ಕೊನೆಗಾಲದ ಕೂಸು. 2001ರಲ್ಲಿ ಪ್ರಕಟವಾದ ಅಳತೆಯಂತೆ ಸುಮಾರು 6 ಕೋಟಿ ವರ್ಷದ್ದು.

ಅಷ್ಟು ವರ್ಷ ಬಿಸಿಲುಮಳೆಗೆ ಜಗ್ಗದ ಕಲ್ಲನ್ನು ಕೆಲವೇ ದಶಕಗಳ ಗಣಿಗಾರಿಕೆ ತಿಂದುಹಾಕಿತು. ಈ ಶಹರವನ್ನು ಕಟ್ಟಲು ಕಲ್ಲು, ಜಲ್ಲಿ ಬೇಕಾಗಿದ್ದವು. ಅದರಲ್ಲಿ ಬಾಡಿಗೆಗಿರುವ ನಾವು ಬೇರೆಯವರನ್ನು ದೂರುವಂತೆಯೂ ಇಲ್ಲ. 2007ರಲ್ಲಿ ಮಹಾನಗರಪಾಲಿಕೆ ಇದನ್ನು ಎರಡನೆಯ ದರ್ಜೆಯ ಪರಂಪರೆಯ ತಾಣವೆಂದು ಸಾರಿ ಸುತ್ತಲಿನ ಗಣಿಗಾರಿಕೆಯನ್ನು ನಿಷೇಧಿಸಿತು. ಅಷ್ಟರಲ್ಲಿ ಕಟ್ಟಡಗಳು ಗುಡ್ಡದ ಬುಡಕ್ಕೇ ಬಂದು ನಿಂತಿದ್ದವು.