ವಂಶವೃಕ್ಷದಲ್ಲಿ ದತ್ತಕದ ಗೆರೆ

ವಂಶಾವಳಿಯೆಂದರೆ ಹೆಸರುಗಳ ಪಟ್ಟಿಯೆಂದು ನಮ್ಮಲ್ಲಿ ಅನೇಕರ ಭಾವನೆ. ಚರಿತ್ರೆಯಲ್ಲಿ ಜಗಳಕ್ಕೆ ಕಾರಣವಾದುದು ಹೆಸರುಗಳಲ್ಲ, ಅವುಗಳ ನಡುವೆ ಎಳೆದ ಗೆರೆಗಳು. ಕ್ರಿ. ಶ. 634ರ ಐಹೊಳೆಯ ಶಾಸನದಲ್ಲಿ ರವಿಕೀರ್ತಿಯು ಜಯಸಿಂಹ, ರಣರಾಗ, ಮೊದಲನೆಯ ಪುಲಕೇಶಿ, ಕೀರ್ತಿವರ್ಮ, ಮಂಗಲೇಶ ಎಂದು ಕ್ರಮವಾಗಿ ಹೇಳಿ ಇಮ್ಮಡಿ ಪುಲಕೇಶಿಗೆ ಬರುತ್ತಾನೆ. ಆದರೆ ಮಂಗಲೇಶನು ಪುಲಕೇಶಿಯ ತಂದೆಯಲ್ಲ, ಚಿಕ್ಕಪ್ಪ; ರಾಜ್ಯವು ತನ್ನ ಮಗನಿಗೆ ಸೇರಬೇಕೆಂದು ಬಯಸಿದವನು. ಗೆರೆಯು ಮಗನ ಕಡೆಗೆ ಹೋಗಬೇಕೋ, ಅಣ್ಣನ ಮಗನ ಕಡೆಗೋ ಎಂಬುದು ಕತ್ತಿಯಿಂದಲೇ ತೀರ್ಮಾನವಾಯಿತು.

ದತ್ತಕದ ಗೆರೆಯಂತೂ ಇನ್ನೂ ಸೂಕ್ಷ್ಮವಾದುದು. 1824ರಲ್ಲಿ ಕಿತ್ತೂರಿನ ದೇಸಾಯಿ ಶಿವಲಿಂಗರುದ್ರ ಸರ್ಜನು ಮಕ್ಕಳಿಲ್ಲದೆ ತೀರಿಕೊಂಡಾಗ, ದತ್ತಕಕ್ಕೆ ತೆಗೆದುಕೊಂಡ ಬಾಲಕನನ್ನು ಧಾರವಾಡದ ಕಲೆಕ್ಟರನಾಗಿದ್ದ ಥ್ಯಾಕರೆಯು ಉತ್ತರಾಧಿಕಾರಿಯೆಂದು ಒಪ್ಪಲಿಲ್ಲ. ಅವನ ಲೆಕ್ಕದಲ್ಲಿ ಆ ಮನೆತನ ಅಲ್ಲಿಗೇ ಮುಗಿದಿತ್ತು. ಅಕ್ಟೋಬರ್ 23ರಂದು ಕೋಟೆಯ ಮುಂದೆ ಥ್ಯಾಕರೆ ಹತನಾದನು. ಡಿಸೆಂಬರಿನಲ್ಲಿ ಕೋಟೆ ಬಿದ್ದು ರಾಣಿ ಚೆನ್ನಮ್ಮ ಸೆರೆಯಾದಳು. ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು 1865ರಲ್ಲಿ ದತ್ತಕ ಮಾಡಿಕೊಂಡರು. ಬ್ರಿಟಿಷರು ಅದನ್ನು ಮನ್ನಿಸಿದ್ದು 1867ರಲ್ಲಿ, ರಾಜ್ಯ ಮರಳಿ ಬಂದದ್ದು 1881ರಲ್ಲಿ. ಒಂದೇ ಬಗೆಯ ಗೆರೆಗೆ ಕಿತ್ತೂರಿನಲ್ಲಿ ಒಂದು ನ್ಯಾಯ, ಮೈಸೂರಿನಲ್ಲಿ ಇನ್ನೊಂದು.

ಅರಸುಮನೆಗಳಿಗೆ ಶಾಸನವಿದ್ದರೆ ಒಕ್ಕಲು ಮನೆಗಳಿಗೆ ಹೆಳವರಿದ್ದರು. ಎತ್ತಿನ ಮೇಲೆ ಕುಳಿತು, ಕಾಲುಗಳನ್ನು ಕಂಬಳಿಯಿಂದ ಮುಚ್ಚಿಕೊಂಡು ಅಂಗಳಕ್ಕೆ ಬರುತ್ತಿದ್ದ ಹೆಳವನು ಆ ಮನೆಯ ತಲೆಮಾರುಗಳನ್ನು ರಾಗವಾಗಿ ಹೇಳಿ ಕಾಳು ಪಡೆದು ಮುಂದಿನ ಊರಿಗೆ ಹೋಗುತ್ತಿದ್ದನು. ಯಾರು ಯಾವ ಮನೆಗೆ ದತ್ತು ಹೋದರೆಂಬುದನ್ನು ಅವನು ಬಿಡುತ್ತಿರಲಿಲ್ಲ. ಬಿಟ್ಟರೆ ಮನೆಯ ಹಿರಿಯರೇ ತಿದ್ದುತ್ತಿದ್ದರು.

ಈಗ ಆ ಕೆಲಸಕ್ಕೆ ಗಣಕಯಂತ್ರವು ಬಂದಿದೆ. ಇದರ ಚರಿತ್ರೆಯ ಮೂಲ ಅಮೆರಿಕದ ಯೂಟಾ ಪ್ರಾಂತದಲ್ಲಿದೆ. ಗತಿಸಿದ ಪೂರ್ವಿಕರಿಗೂ ಧರ್ಮಸಂಸ್ಕಾರವನ್ನು ಮಾಡಿಸಬೇಕೆಂಬ ನಂಬಿಕೆಯುಳ್ಳ ಅಲ್ಲಿನ ಮಾರ್ಮನ್ ಸಭೆಯು 1894ರಲ್ಲಿ ವಂಶಾವಳಿಯ ಸಂಘವೊಂದನ್ನು ಸ್ಥಾಪಿಸಿತು. ಆ ಸಂಘವು 1938ರಿಂದ ದೇಶದೇಶಗಳ ದಾಖಲೆಗಳನ್ನು ಸೂಕ್ಷ್ಮ ಫಿಲ್ಮಿಗೆ ಇಳಿಸುತ್ತ ಬಂದು, ಹರಿದ್ವಾರದ ಪಂಡರ ಬಹಿಗಳನ್ನೂ ಬಿಡಲಿಲ್ಲ. ಒಂದು ಯಂತ್ರದಲ್ಲಿ ಬರೆದ ವಂಶಾವಳಿಯನ್ನು ಇನ್ನೊಂದು ಯಂತ್ರವು ಓದುವಂತೆ 1984ರಲ್ಲಿ ಅದೇ ಸಭೆಯವರು ರಚಿಸಿದ ಬರಹದ ಕಟ್ಟಳೆಗೆ ಜೆಡ್‌ಕಾಮ್ ಎಂದು ಹೆಸರು. ಇಂದಿಗೂ ಅಂತರ್ಜಾಲದ ವಂಶಾವಳಿ ತಂತ್ರಾಂಶಗಳು ಪರಸ್ಪರ ಮಾತನಾಡುವುದು ಬಹುಮಟ್ಟಿಗೆ ಈ ಭಾಷೆಯಲ್ಲಿಯೇ.

ಈ ಕಟ್ಟಳೆಯ 5.5.1 ಎಂಬ ಆವೃತ್ತಿಯು 1999ರಲ್ಲಿ ಕರಡೆಂದು ಹೊರಬಿದ್ದಿತು; ಕರಡೆಂಬ ಹಣೆಪಟ್ಟಿ ಹೋದುದು 2019ರಲ್ಲಿ. ನಡುವಣ ಇಪ್ಪತ್ತು ವರ್ಷ ಜಗತ್ತಿನ ಎಷ್ಟೋ ಮನೆತನಗಳು ಆ ಕರಡಿನ ಮೇಲೆಯೇ ನಿಂತಿದ್ದವು. ಯೂನಿಕೋಡಿನ ಯು.ಟಿ.ಎಫ್.-8 ಎಂಬ ಲಿಪಿಕ್ರಮಕ್ಕೆ ಆ ಕರಡಿನಲ್ಲಿ ಎಡೆ ದೊರೆತುದರಿಂದ ಕನ್ನಡದ ಹೆಸರನ್ನು ಕನ್ನಡದಲ್ಲಿಯೇ ಬರೆದು ಕಳುಹಿಸುವುದು ಸುಲಭವಾಯಿತು. 2021ರ 7.0 ಆವೃತ್ತಿಯಲ್ಲಿ ಆ ಕ್ರಮವೊಂದೇ ಉಳಿದಿದೆ. ಕುಲನಾಮವನ್ನು ಎರಡು ಓರೆಗೆರೆಗಳ ನಡುವೆ ಬರೆಯಬೇಕೆಂಬ ವಿಧಿ ಮಾತ್ರ, ಊರಿನ ಮೊದಲಕ್ಷರ ತಂದೆಯ ಮೊದಲಕ್ಷರಗಳಿಂದ ಹೆಸರು ಹೇಳಿಕೊಳ್ಳುವ ನಮ್ಮವರಿಗೆ ಇನ್ನೂ ಒಗ್ಗಿಲ್ಲ.

ದತ್ತಕಕ್ಕೂ ಅದರಲ್ಲಿ ಸ್ಥಾನವುಂಟು. ಮಗುವನ್ನು ಕುಟುಂಬಕ್ಕೆ ಜೋಡಿಸುವ ಸಾಲಿನ ಕೆಳಗೆ 'ಪೆಡಿ' ಎಂಬ ಚಿಕ್ಕ ಗುರುತನ್ನಿಟ್ಟು, ಸಂಬಂಧವು ಹುಟ್ಟಿನದೋ ದತ್ತಕದ್ದೋ ಎಂದು ಬರೆಯಬಹುದು. ಒಬ್ಬನೇ ಮನುಷ್ಯನು ಎರಡು ಮನೆಗೂ ಸೇರಬಹುದು. ಥ್ಯಾಕರೆಯು ಒಪ್ಪದುದನ್ನು ಈ ಕಟ್ಟಳೆಯು ಒಂದು ಪದದಲ್ಲಿ ಒಪ್ಪಿದೆ.

ಆದರೆ ಕಟ್ಟಳೆಯಲ್ಲಿರುವುದು ಬೇರೆ, ತಂತ್ರಾಂಶವು ಅದನ್ನು ಓದುವುದು ಬೇರೆ. ನಮ್ಮ ಅಜ್ಜನವರು ಆರನೆಯ ವಯಸ್ಸಿನಲ್ಲಿ ಮಕ್ಕಳಿಲ್ಲದ ದೊಡ್ಡಪ್ಪನ ಮನೆಗೆ ದತ್ತು ಹೋದವರು. ನಾವು ಇಂದು ವಾಸಿಸುವ ಮನೆ ಆ ದೊಡ್ಡಪ್ಪನದು, ಶ್ರಾದ್ಧದಲ್ಲಿ ಮುತ್ತಜ್ಜನೆಂದು ಹೇಳುವ ಹೆಸರೂ ಅವರದೇ. ಇನ್ನೂ ಪರೀಕ್ಷಾವಸ್ಥೆಯಲ್ಲಿರುವ, ಅಂತರ್ಜಾಲದಲ್ಲಿಯೇ ನಡೆಯುವ ಒಂದು ತಂತ್ರಾಂಶದಲ್ಲಿ ಕಳೆದ ವರ್ಷ ನಮ್ಮ ಮನೆತನದ ಹೆಸರುಗಳನ್ನು ಸೇರಿಸಿದೆನು. ಅದರ ಮೊದಲ ಪುಟದಲ್ಲಿಯೇ 'ಇದು ಅಪೂರ್ಣ, ಮಾಹಿತಿ ನಷ್ಟವಾಗಬಹುದು' ಎಂದು ಬರೆದಿತ್ತು. ಓದಿದ್ದೆನು; ನಮ್ಮ ಮನೆಗೆ ಅದು ಅನ್ವಯಿಸುವುದೆಂದು ಎಣಿಸಿರಲಿಲ್ಲ.

ಹೊಸ ಪರಿಷ್ಕರಣ ಬಂದ ಮಾರನೆಯ ದಿನ ತೆರೆದು ನೋಡಿದರೆ ಹೆಸರುಗಳೆಲ್ಲ ಸುರಕ್ಷಿತವಾಗಿದ್ದವು. ದತ್ತಕದ ಗುರುತನ್ನು ಮಾತ್ರ ಹೊಸ ಆವೃತ್ತಿಯು ಓದಿರಲಿಲ್ಲ. ಅಜ್ಜನವರು ಹುಟ್ಟಿದ ಮನೆಗೆ ಮರಳಿಹೋಗಿದ್ದರು, ನಾವೂ ಅವರ ಹಿಂದೆಯೇ ಹೋಗಿದ್ದೆವು. ದೊಡ್ಡಪ್ಪನ ಹೆಸರಿನ ಕೆಳಗೆ 'ಸಂತತಿಯಿಲ್ಲ' ಎಂದಿತ್ತು. ನಮ್ಮ ತಾಯಿಯವರಿಗೆ ಅದನ್ನು ತೋರಿಸಬಾರದಾಗಿತ್ತು. ಅವರು ಬಹಳ ಹೊತ್ತು ನೋಡಿ, "ಹಾಗಾದರೆ ಇಷ್ಟು ವರ್ಷ ನಾವು ಪಿಂಡ ಇಟ್ಟದ್ದು ಯಾರಿಗೆ?" ಎಂದರು.

ತಂತ್ರಾಂಶವನ್ನು ರಚಿಸುವವರನ್ನು ದೂರಲಾರೆ. ಬಿಡುವಿನ ವೇಳೆಯಲ್ಲಿ ಪುಕ್ಕಟೆಯಾಗಿ ದುಡಿಯುವ ಕೆಲವರು ಅವರು, ಎಚ್ಚರಿಕೆಯನ್ನೂ ಕೊಟ್ಟಿದ್ದರು. ಬರೆದು ತಿಳಿಸಿದಾಗ ಮೂರು ದಿನಗಳಲ್ಲಿ ಉತ್ತರ ಬಂದಿತು: ದೋಷ ಗೊತ್ತಾಗಿದೆ, ಮುಂದೆ ಸರಿಪಡಿಸುತ್ತೇವೆ. ಹಿಂದಿನ ಜೆಡ್‌ಕಾಮ್ ಕಡತದ ಪ್ರತಿಯೊಂದು ನನ್ನಲ್ಲಿದ್ದುದರಿಂದ ಗುರುತು ಪೂರ್ತಿ ಅಳಿಯಲಿಲ್ಲ. ಅದನ್ನು ಕಾಗದದ ಮೇಲೆ ಅಚ್ಚು ಮಾಡಿಸಿ, ದತ್ತಕದ ಗೆರೆಯನ್ನು ಕೆಂಪು ಶಾಯಿಯಲ್ಲಿ ನಾನೇ ಎಳೆದು ತಾಯಿಯವರ ಕೈಗೆ ಕೊಟ್ಟೆನು. ದತ್ತಕದ ವರ್ಷದ ವಿಷಯದಲ್ಲಿ ಅವರಿಗೂ ನನಗೂ ಇನ್ನೂ ಭಿನ್ನಾಭಿಪ್ರಾಯವಿದೆ. ಸುಗ್ಗಿಯಲ್ಲಿ ಹೆಳವನು ಬಂದಾಗ ಅವನ ಪುಸ್ತಕದೊಡನೆ ತಾಳೆ ನೋಡಬೇಕಾಗಿದೆ.